ಹಾಡು ಹೇಳಿ, ವಯಸ್ಸು ಹೇಳ್ತೀನಿ

ಹುಟ್ಟುಹಬ್ಬ ಯಾರದ್ದು ಅನ್ನುವುದು ಕೇಕಿನ ಮೇಲೆ ಬರೆದಿರುತ್ತದೆ. ಎಷ್ಟನೆಯದು ಅನ್ನುವುದನ್ನು ಮೇಣದಬತ್ತಿ ಹೇಳುತ್ತದೆ. ಬಂದ ನೆಂಟರ ವಯಸ್ಸು ಮಾತ್ರ ಎಲ್ಲೂ ಬರೆದಿಲ್ಲ ಅಂತ ಎಲ್ಲರೂ ನೆಮ್ಮದಿಯಾಗಿರುತ್ತಾರೆ. ಬರೆದಿರುತ್ತದೆ ಸ್ವಾಮಿ! ‘ಪಾರ್ಟಿಗೆ ಯಾವ ಹಾಡು ಹಾಕೋಣ?’ ಅಂತ ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಮಾತು ಕೇಳಿ ನೋಡಿ. ಅವರವರೇ ಕೈಯಾರೆ ಬರೆದುಕೊಡುತ್ತಾರೆ.

ನನಗೆ ಈ ವಿದ್ಯೆ ಒಲಿದದ್ದು ಅಕ್ಕನ ಮೊಮ್ಮಗಳ ಮೊದಲ ಹುಟ್ಟುಹಬ್ಬದಲ್ಲಿ. ಊಟ ಕೇಟರಿಂಗಿನವರಿಗೆ, ಬಲೂನು ಡೆಕೊರೇಷನ್‌ನವರಿಗೆ, ಫೋಟೊ ಭಾವನ ತಮ್ಮನಿಗೆ ಅಂತ ಹಂಚಿ ಆದಮೇಲೆ ಉಳಿದದ್ದು ಹಾಡು, ಕೆಲಸವಿಲ್ಲದೆ ಉಳಿದವನು ನಾನು. ‘ನಿಂಗೇನು ಕಷ್ಟ, ಕೂತ್ಕೊಂಡು ನಾಲ್ಕು ಹಾಡು ಆರ್ಸು’ ಅಂದಳು ಅಕ್ಕ. ಮನೆಮಂದಿಗೆಲ್ಲ ಒಪ್ಪುವ ನಾಲ್ಕು ಹಾಡು ಆರಿಸುವುದು, ನಾಲ್ಕು ಓರಗಿತ್ತಿಯರು ಸೇರಿ ಒಂದು ಸೀರೆ ಆರಿಸಿದಷ್ಟೇ ಸುಲಭ.

ಮೊದಲ ಹುಟ್ಟುಹಬ್ಬಕ್ಕೆ ಒಂದು ಅನುಕೂಲ ಉಂಟು. ಹಬ್ಬ ಯಾರದ್ದೋ ಅವರಿಗೆ ಅಭಿಪ್ರಾಯವೇ ಇರುವುದಿಲ್ಲ. ನಮ್ಮ ಚಿನ್ನಿ ಮಿಕ್ಸಿಯ ಸದ್ದಿಗೂ ಸೊಂಟ ಆಡಿಸುತ್ತಾಳೆ, ಕುಕ್ಕರಿನ ಸೀಟಿಗೂ ಚಪ್ಪಾಳೆ ತಟ್ಟುತ್ತಾಳೆ. ಹೀಗಾಗಿ ಅಭಿಪ್ರಾಯದ ಹೊಣೆಯನ್ನು ಉಳಿದವರೆಲ್ಲ ಹಂಚಿಕೊಳ್ಳುತ್ತಾರೆ.

ದೊಡ್ಡಮಾವ ಮೊದಲು ಬಂದರು. ‘ರಾಜನ್–ನಾಗೇಂದ್ರ ಹಾಕಪ್ಪ. “ಗಂಧದ ಗುಡಿ”, “ಎರಡು ಕನಸು”. ಆಮೇಲೆ ಬಂದದ್ದೆಲ್ಲ ಬರೀ ಗಲಾಟೆ.’ ಭಾವ ‘ಪ್ರೇಮಲೋಕ’ ಇಲ್ಲದೆ ಪಾರ್ಟಿ ಏನು ಬಂತು ಅಂದರು. ಆ ಸಿನಿಮಾದಲ್ಲಿ ರವಿಚಂದ್ರನ್ ಹತ್ತಿದ ಬೈಕಿನಿಂದ ನಮ್ಮ ಭಾವ ಇನ್ನೂ ಇಳಿದಿಲ್ಲ. ಮಗುವಿನ ಅಪ್ಪ, ಐಟಿಯ ಹುಡುಗ, ಇಂಗ್ಲಿಷಿನಲ್ಲೇ ಎಲ್ಲ ಮಾತಾಡಿ, ಹಾಡಿನ ವಿಷಯಕ್ಕೆ ಬಂದಾಗ ಮಾತ್ರ ಮೆಲ್ಲಗೆ ‘ಮುಂಗಾರು ಮಳೆದು ಒಂದೆರಡು ಇರ್ಲಿ ಅಂಕಲ್’ ಅಂದ.

ಪಟ್ಟಿಯ ಪಕ್ಕದಲ್ಲಿ ಸಿನಿಮಾ ಬಂದ ವರ್ಷ ಬರೆದುಕೊಂಡು ಹೋದೆ. ‘ಎರಡು ಕನಸು’ 1974, ‘ಪ್ರೇಮಲೋಕ’ 1987, ‘ಮುಂಗಾರು ಮಳೆ’ 2006. ಸುಮ್ಮನೆ ಹದಿನೇಳು ಕಳೆದೆ. 1957, 1970, 1989. ಮೂರು ಜನರ ಹುಟ್ಟಿದ ವರ್ಷ, ಅಬ್ಬಬ್ಬಾ ಅಂದರೆ ಒಂದು ವರ್ಷ ಹಿಂದೆ ಮುಂದೆ!

ಇದು ಮಾಯವೂ ಅಲ್ಲ, ಮಂತ್ರವೂ ಅಲ್ಲ. ಎಂಬತ್ತು ವರ್ಷದವರನ್ನು ಕೂರಿಸಿ ನೆನಪು ಕೆದಕಿದರೂ, ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪೇ ರಾಶಿ ರಾಶಿ ಬರುತ್ತದೆ ಅಂತ ಮನಶ್ಶಾಸ್ತ್ರದವರು ಗುರುತಿಸಿದ್ದಾರೆ. ಹಾಡಿನ ಮಾತು ಬಂದರಂತೂ ಕೇಳುವುದೇ ಬೇಡ. ಪಿಯುಸಿಯಲ್ಲಿ ಕಿವಿಗೆ ಬಿದ್ದ ಹಾಡು ಪಿಂಚಣಿ ಬಂದರೂ ಕಿವಿ ಬಿಡುವುದಿಲ್ಲ. ಹದಿನೇಳು ತುಂಬದವರಿಗೆ ಮಾತ್ರ ಸೂತ್ರ ಹಿಡಿಸದು. ಅವರ ಮೆಚ್ಚಿನ ಹಾಡು ನಿನ್ನೆ ಬಂದದ್ದು, ನಾಳೆಗೆ ಹಳತು. ಎಂಟು ವರ್ಷದ ಹುಡುಗನೊಬ್ಬ ‘ಕೆಜಿಎಫ್ ಎಲ್ಲಾ ಓಲ್ಡ್ ಸಾಂಗ್ಸ್’ ಅಂದಾಗ ದೊಡ್ಡಮಾವ ನೀರು ಕೇಳಿದರು.

ನಿಜ ಹೇಳಬೇಕೆಂದರೆ, ನಮ್ಮ ಕಡೆ ಹಿರಿಯರ ವಯಸ್ಸಿಗೆ ಇದಕ್ಕಿಂತ ಗಟ್ಟಿ ದಾಖಲೆ ಸಿಗುವುದು ಕಷ್ಟ. ಶಾಲೆಯ ರಿಜಿಸ್ಟರು ನೋಡಿದರೆ ಅರ್ಧ ಕರ್ನಾಟಕ ಜೂನ್ 1ರಂದೇ ಹುಟ್ಟಿದೆ. ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ, ಮುಟ್ಟಿದರೆ ‘ಆರಾಯ್ತು’ ಅಂತ ಹೆಡ್ಮಾಸ್ತರು ಬರೆದುಕೊಂಡ ತಾರೀಖು ಅದು. ಮನೆಯಲ್ಲಿ ಅಜ್ಜಿಯ ಲೆಕ್ಕ ಬೇರೆ: ‘ದೊಡ್ಡ ಮಳೆ ಬಂದ ವರ್ಷ, ಶ್ರಾವಣ, ರೋಹಿಣಿ ನಕ್ಷತ್ರ’. ಪಂಚಾಂಗದ ನಕ್ಷತ್ರ ಒಂದು, ಸರ್ಕಾರದ ಜೂನ್ ಒಂದು, ಬರ್ತ್‌ಡೇ ಅಂತ ಕೇಕು ಕತ್ತರಿಸುವ ಅನುಕೂಲದ ಭಾನುವಾರ ಇನ್ನೊಂದು. ಭಾನುವಾರಕ್ಕೆ ಮುಂದೂಡುವವರನ್ನು ನೋಡಿ ಮೂಗು ಮುರಿಯಬೇಡಿ. ಅಮೆರಿಕದ ಅಧ್ಯಕ್ಷ ಕೆನಡಿಗೆ ಮರ್ಲಿನ್ ಮನ್ರೊ ಹಾಡಿ ಶುಭ ಕೋರಿದ್ದು 1962ರ ಮೇ 19ಕ್ಕೆ. ಆ ಮನುಷ್ಯ ಹುಟ್ಟಿದ್ದು ಮೇ 29ಕ್ಕೆ. ಹಾಡುವವರು ಮನ್ರೊ ಆದರೆ ಹತ್ತು ದಿನ ಮುಂಚೆ ಹುಟ್ಟಲು ಯಾರೂ ಬೇಡ ಅನ್ನುವುದಿಲ್ಲ.

ಇರಲಿ, ಪಟ್ಟಿಗೆ ಬರೋಣ. ಪಟ್ಟಿಯಲ್ಲಿ ಜಗಳವಿಲ್ಲದೆ ಸೇರಿಕೊಳ್ಳುವುದು ಎರಡೇ. ಮೊದಲಿಗೆ ಒಂದು ಗಣಪತಿಯ ಹಾಡು. ಅದಕ್ಕೆ ಎದುರಾಡುವ ಧೈರ್ಯ ಯಾರಿಗೂ ಇಲ್ಲ. ಇನ್ನೊಂದು ‘ಹ್ಯಾಪಿ ಬರ್ತ್‌ಡೇ’. ಅದನ್ನು ಯಾರೂ ಆರಿಸುವುದಿಲ್ಲ, ತಾನಾಗಿ ಬರುತ್ತದೆ.

ಕರೆಯದೆ ಬರುವ ಈ ಅತಿಥಿಯ ಪೂರ್ವಾಪರ ಕೇಳಿದರೆ ನಗು ಬರುತ್ತದೆ. ಅಮೆರಿಕದ ಕೆಂಟಕಿ ಸೀಮೆಯ ಲೂಯಿವಿಲ್ ಊರಿನ ಹಿಲ್ ಅಕ್ಕತಂಗಿಯರು ಶಿಶುವಿಹಾರದ ಮಕ್ಕಳಿಗೆ ಬೆಳಗಿನ ನಮಸ್ಕಾರ ಹೇಳುವುದಕ್ಕೆ ಕಟ್ಟಿದ ಹಾಡಿನ ಧಾಟಿ ಅದು. ಧಾಟಿ ಅಕ್ಕ ಮಿಲ್ಡ್ರೆಡ್‌ದು, ಮಾತು ತಂಗಿ ಪ್ಯಾಟಿಯದು, ಅಚ್ಚಾದದ್ದು 1893ರಲ್ಲಿ. ಗುಡ್ ಮಾರ್ನಿಂಗ್ ಹೋಗಿ ಬರ್ತ್‌ಡೇ ಬಂದು ಕೂತದ್ದು ಆಮೇಲಿನ ಕಥೆ. ಕೊನೆಗೆ ಹಕ್ಕು ಒಂದು ದೊಡ್ಡ ಸಂಗೀತ ಕಂಪನಿಯ ಕೈ ಸೇರಿ, ಸಿನಿಮಾದಲ್ಲಿ ಹಾಡಿದರೂ ದುಡ್ಡು ಕಟ್ಟಬೇಕಾಯಿತು. ಈ ಹಾಡಿನ ಮೇಲೇ ಸಾಕ್ಷ್ಯಚಿತ್ರ ತೆಗೆಯಹೊರಟ ಹೆಣ್ಣುಮಗಳೊಬ್ಬಳಿಗೂ 1500 ಡಾಲರ್ ಬಿಲ್ಲು ಬಂತು. ಆಕೆ ಬಿಲ್ಲೇನೋ ಕಟ್ಟಿದಳು, ಹಿಂದೆಯೇ ಕೋರ್ಟಿಗೂ ಹೋದಳು. 2015ರಲ್ಲಿ ನ್ಯಾಯಾಧೀಶರು ಕಂಪನಿಯ ಹಕ್ಕು ನಿಲ್ಲುವುದಿಲ್ಲ ಅಂದರು. ಮರುವರ್ಷ 1 ಕೋಟಿ 40 ಲಕ್ಷ ಡಾಲರಿಗೆ ರಾಜಿಯಾಗಿ ಹಾಡು ಎಲ್ಲರದ್ದಾಯಿತು. ನಮ್ಮ ಮನೆಯವರು ಇಷ್ಟು ವರ್ಷ ಅದನ್ನು ಹಾಡಿದ ರೀತಿಗೆ ಯಾವ ಕಂಪನಿಯೂ ‘ಇದು ನಮ್ಮದು’ ಅಂತ ಮುಂದೆ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಹಾಗೆ ಹಾಡುವುದರಲ್ಲಿ ನಮ್ಮ ತಪ್ಪೂ ಇಲ್ಲ ಅಂತ ಮೂರನೇ ಮಹಡಿಯ ಸಂಗೀತದ ಮೇಡಂ ಸಮಾಧಾನ ಹೇಳಿದರು. ‘ಮಕ್ಕಳ ಹಾಡು ಅಂದ್ಕೋಬೇಡಿ. ಶಂಕರಾಭರಣದ ಏಳೂ ಸ್ವರ ಇದೆ ಅದ್ರಲ್ಲಿ!’ ಅಂದು, ಕೈಯಲ್ಲಿ ಸಮೋಸ ಇದ್ದರೂ ತೊಡೆ ತಟ್ಟಿ ‘ಪ ಪ ದ ಪ ಸ ನಿ’ ಅಂತ ತೋರಿಸಿದರು. ಮೂರನೇ ಸಾಲಿಗೆ ಬಂದಾಗ ಮಂದ್ರದ ಪಂಚಮದಿಂದ ಒಂದೇ ನೆಗೆತಕ್ಕೆ ಮಧ್ಯದ ಪಂಚಮಕ್ಕೆ ಹಾರಬೇಕಂತೆ. ವರ್ಷವಿಡೀ ಗಂಟಲು ತೆರೆಯದ ಮೂವತ್ತು ಜನ, ಶ್ರುತಿ ಕೇಳದೆ, ಚಾಕು ಹಿಡಿದ ಭಾವ ಎತ್ತಿಕೊಂಡ ಎತ್ತರದಿಂದ ಹಾರಬೇಕು. ಅರ್ಧ ಜನ ಹಾರುತ್ತಾರೆ, ಕಾಲು ಜನ ನಡುವೆ ನೇತಾಡುತ್ತಾರೆ, ಉಳಿದವರು ಬರೀ ಚಪ್ಪಾಳೆಗೆ ಇಳಿಯುತ್ತಾರೆ. ಅಷ್ಟರಲ್ಲಿ ‘ಡಿಯರ್’ ಬಂದು ನಿಲ್ಲುತ್ತದೆ. ಮಗುವಿನ ಹೆಸರು ಮನೆಯಲ್ಲಿ ಚಿನ್ನಿ, ಆಧಾರ್ ಕಾರ್ಡಿನಲ್ಲಿ ಐದಕ್ಷರದ ಸಂಸ್ಕೃತ, ಅಪ್ಪನ ಕಡೆಯವರಿಗೆ ಬೇರೆಯೇ ಮುದ್ದು ಹೆಸರು. ಅಲ್ಲಿ ಆಗುವ ಗೊಂದಲ ಕೇಳಿದರೆ ಒಂದು ಮಗುವಿಗಲ್ಲ, ಇಡೀ ಅಂಗನವಾಡಿಗೆ ಶುಭ ಕೋರಿದಂತೆ ಇರುತ್ತದೆ.

ಇದರ ಮೇಲೆ ಆ ತಾವರೆಯ ಮೇಣದಬತ್ತಿ. ಪಟಾಕಿಯ ಹಾಗೆ ಚಿಮ್ಮಿ, ದಳ ಬಿಚ್ಚಿ, ಕೀಚಲು ದನಿಯಲ್ಲಿ ಅದೇ ಹಾಡು ಶುರು ಮಾಡುತ್ತದಲ್ಲ, ಅದು. ಉರಿ ಆರಿದರೂ ಹಾಡು ಆರುವುದಿಲ್ಲ. ಕೇಕು ಹಂಚಿ, ಬಿಸಿಬೇಳೆಬಾತು ಬಡಿಸಿ, ರಿಟರ್ನ್ ಗಿಫ್ಟ್ ಕೊಟ್ಟು ಮುಗಿದರೂ ಕಸದ ಬುಟ್ಟಿಯೊಳಗಿಂದ ಚಿನ್ನಿಗೆ ಶುಭ ಕೋರುತ್ತಲೇ ಇತ್ತು. ಕೊನೆಗೆ ಸೆಕ್ಯುರಿಟಿಯವನು ಬಂದು ವೈರು ಕಿತ್ತ.

ಇನ್ನು ಮಿಕ್ಕ ಹಾಡುಗಳು. ಹುಟ್ಟುಹಬ್ಬಕ್ಕೆ ಹೊಂದುವ ಹಾಡೇ ಬೇಕು ಅಂತ ಹೊರಟರೆ ತೊಂದರೆ ಇಲ್ಲಿಂದ ಶುರು. ದೊಡ್ಡಮಾವನ ಪ್ರಕಾರ ಬರ್ತ್‌ಡೇ ಪಾರ್ಟಿಯ ಹಾಡು ಅಂದರೆ ಹಳೇ ಸಿನಿಮಾದ್ದು. ಶ್ರೀಮಂತರ ಮನೆ, ಸುರುಳಿ ಮೆಟ್ಟಿಲು, ಮಗಳ ಹುಟ್ಟುಹಬ್ಬ. ಹಾಲಿನಲ್ಲಿ ಒಂದು ಪಿಯಾನೊ. ಅದನ್ನು ಆ ಮನೆಯಲ್ಲಿ ಯಾರೂ ಮುಟ್ಟಿದ ಹಾಗಿಲ್ಲ, ಬಡ ನಾಯಕನಿಗೆ ಮಾತ್ರ ಹುಟ್ಟಿನಿಂದಲೇ ಬರುತ್ತದೆ. ಎಲ್ಲರೂ ಜ್ಯೂಸು ಹಿಡಿದು ನಿಂತಿರುವಾಗ ಅವನು ಮೋಸ, ವಿರಹ, ವಿಧಿ ಎಲ್ಲವನ್ನೂ ಹಾಡಿಬಿಡುತ್ತಾನೆ. ಅತಿಥಿಗಳು ಅದಕ್ಕೂ ಚಪ್ಪಾಳೆ ತಟ್ಟುತ್ತಾರೆ! ಅಂಥದ್ದೊಂದು ಹಾಕು ಅಂತ ಮಾವ. ‘ಮಗೂಗೆ ಒಂದು ವರ್ಷ ಮಾವ, ಇನ್ನೂ ಯಾರೂ ಮೋಸ ಮಾಡಿಲ್ಲ’ ಅಂದೆ.

ಭಾವ ಇನ್ನೊಂದು ದಾರಿ ಹಿಡಿದರು. ‘ಹುಟ್ಟು ಅನ್ನೋ ಮಾತು ಇರೋ ಹಾಡು ಹುಡುಕು.’ ಹುಡುಕಿದರೆ ಕೈಗೆ ಸಿಗುವುದು ‘ಆಕಸ್ಮಿಕ’ದ ಜಟಕಾ ಹಾಡು. 1993ರಲ್ಲಿ ಹಂಸಲೇಖ ಬರೆದು ಸಂಗೀತ ಕೊಟ್ಟು ರಾಜ್‌ಕುಮಾರ್ ಹಾಡಿದ್ದು. ಅದು ಶುರುವಾದರೆ ಹಾಲು ನವೆಂಬರ್ ಒಂದಕ್ಕೆ ಹೋಗಿಬಿಡುತ್ತದೆ. ಯಾರಾದರೂ ಎದ್ದು ಬಾವುಟ ಹುಡುಕುತ್ತಾರೆ. ‘ರಾಜಕುಮಾರ’ದ ಬೊಂಬೆ ಹಾಡು ಹಾಕಿದರೆ ಅಪ್ಪು ನೆನಪಾಗಿ ಹೆಂಗಸರ ಕಣ್ಣು ಒದ್ದೆ. ‘ಜೋಗಿ’ಯ ಅಮ್ಮನ ಹಾಡನ್ನು ಮೈಕು ಸಿಕ್ಕಿತು ಅಂತ ಮಗುವಿನ ತಾತನ ಸ್ನೇಹಿತರೊಬ್ಬರು ಕಣ್ಣು ಮುಚ್ಚಿ ಹಾಡಿಯೇಬಿಟ್ಟರು. ಹಾಲೆಲ್ಲ ಸ್ತಬ್ಧ. ನಿರೂಪಣೆಯ ಹುಡುಗಿ ‘ಅಂಕಲ್‌ಗೆ ಒಂದು ಜೋರಾದ ಚಪ್ಪಾಳೆ, ನೆಕ್ಸ್ಟ್ ಬಲೂನ್ ಗೇಮ್!’ ಅಂದಳು.

ಬಲೂನಿಗಿಂತ ಕುರ್ಚಿ ಆಟವೇ ವಾಸಿ. ಹಾಡು ನಿಲ್ಲಲಿ ಅಂತ ಎಲ್ಲರೂ ಕಾಯುವ ಆಟ ಅದೊಂದೇ. ಯಾವ ಹಾಡು ಹಾಕಿದರೂ ಯಾರೂ ತಕರಾರು ಮಾಡುವುದಿಲ್ಲ, ತಕರಾರೆಲ್ಲ ಎಲ್ಲಿ ನಿಲ್ಲಿಸಿದೆ ಅನ್ನುವುದಕ್ಕೆ.

ಎಷ್ಟು ಜೋರಾಗಿ ಹಾಕಬೇಕು ಅನ್ನುವುದಕ್ಕೆ ಮಾತ್ರ ನಮ್ಮ ಅಭಿಪ್ರಾಯ ಬೇಕಿಲ್ಲ, ಸರ್ಕಾರದ್ದೇ ಇದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನವಸತಿಯ ಕಡೆ ಹಗಲು 55 ಡೆಸಿಬಲ್, ರಾತ್ರಿ ಹತ್ತಾದಮೇಲೆ 45. ನಮ್ಮ ಚಿಕ್ಕತ್ತೆಯೊಬ್ಬರು ಅಡುಗೆಮನೆಯಿಂದ ‘ಕಾಫಿ ಯಾರಿಗೆ?’ ಅಂದರೆ ಅದನ್ನು ದಾಟುತ್ತದೆ. ಕಾಪಿರೈಟು ಕಾಯ್ದೆಗಂತೂ ಹುಟ್ಟುಹಬ್ಬದ ಮೇಲೆ ಪ್ರೀತಿಯೇ ಇಲ್ಲ. ಧಾರ್ಮಿಕ ಸಮಾರಂಭಕ್ಕೆ ಕೊಟ್ಟ ವಿನಾಯಿತಿಯಲ್ಲಿ ಮದುವೆಯ ಮೆರವಣಿಗೆ, ಮದುವೆಯ ಸಂಭ್ರಮ ಅಂತ ಹೆಸರು ಹಿಡಿದು ಬರೆದಿದ್ದಾರೆ. ಹುಟ್ಟಿದ ದಿನದ ಹೆಸರೆತ್ತಿಲ್ಲ. ಮದುವೆ ಮಾಡಿಕೊಂಡವನಿಗೆ ಕಾನೂನೂ ಒಂದಿಷ್ಟು ಮರುಗಬೇಕು ಅಂತ ಇರಬಹುದು.

ಚಿಕ್ಕತ್ತೆಯ ಮಾತು ಬಂತಲ್ಲ, ನನ್ನ ಸೂತ್ರಕ್ಕೆ ಸೆಡ್ಡು ಹೊಡೆದವರು ಅವರೊಬ್ಬರೇ. ಅಪ್ಪನ ಕೊನೆಯ ತಂಗಿ. ವಯಸ್ಸು ಕೇಳಿದರೆ ‘ಐವತ್ತೆರಡು’ ಅನ್ನುತ್ತಾರೆ, ಬಹಳ ಕಾಲದಿಂದ ಅನ್ನುತ್ತಿದ್ದಾರೆ. ಯಾವ ಹಾಡು ಬೇಕು ಅಂದರೆ, ಮೊಮ್ಮಗನ ಕಿವಿಯಲ್ಲಿ ಏನೋ ಕೇಳಿಕೊಂಡು ಬಂದು, ಆ ವಾರದ ರೀಲ್ಸಿನ ಹಾಡು ಹೇಳಿದರು! ಹದಿನೇಳು ಕಳೆದರೆ ಅತ್ತೆ ಇನ್ನೂ ಪಿಯುಸಿ ದಾಟಿರುವುದಿಲ್ಲ.

ಆದರೆ ಅಂಥವರಿಗೂ ಒಂದು ಪರೀಕ್ಷೆ ಉಂಟು. ಪಲ್ಲವಿ ಎಲ್ಲರಿಗೂ ಬರುತ್ತದೆ. ಟೀವಿಯ ಸ್ಪರ್ಧೆಗಳಲ್ಲಿ ಹತ್ತು ವರ್ಷದ ಮಕ್ಕಳೂ ಹಳೇ ಹಾಡು ಅಕ್ಷರ ಬಿಡದೆ ಹಾಡುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಎರಡನೇ ಚರಣಕ್ಕೆ ಮುಂಚೆ ಬರುವ ಬರೀ ವಾದ್ಯದ ತುಣುಕನ್ನು ಯಾರು ಗುನುಗುತ್ತಾರೋ ನೋಡಿ. ಅವರು ಆ ವರ್ಷದವರು, ಅದರಲ್ಲಿ ಅನುಮಾನವಿಲ್ಲ. ಊಟದ ಹೊತ್ತಿಗೆ ‘ಗೀತಾ’ ಚಿತ್ರದ ಹಾಡು ಬಿಟ್ಟೆ. ಶಂಕರ್‌ನಾಗ್ ಸಿನಿಮಾ, ಇಳಯರಾಜಾ ಸಂಗೀತ, 1981. ಕೈಯಲ್ಲಿ ತಟ್ಟೆ ಹಿಡಿದಿದ್ದ ಚಿಕ್ಕತ್ತೆ ಪಲ್ಲವಿಗೆ ಮಿಸುಕಲಿಲ್ಲ, ಚರಣಕ್ಕೂ ಮಿಸುಕಲಿಲ್ಲ. ಪಿಟೀಲು ಶುರುವಾಯಿತು ನೋಡಿ, ತಟ್ಟೆಯ ಅಂಚಿನ ಮೇಲೆ ಬೆರಳು ತಾಳ ಹಾಕಿತು, ಬಾಯಲ್ಲಿ ‘ತರರಾ ತರರಾ’ ಅಂತ ಪಿಟೀಲು ತಪ್ಪದೆ ಬಂತು.

‘1964, ಅಲ್ವಾ ಅತ್ತೆ?’ ಅಂದೆ ಮೆಲ್ಲಗೆ.

‘ಏನದು?’

‘ಏನಿಲ್ಲ, ಲೆಕ್ಕ. ಇನ್ನೊಂದು ಹಾಡು ಬೇಕಾ? ಇದರದ್ದೇ ಹಾಕಲಾ?’

‘ಯಾವುದೂ ಬೇಡ. ನೀನು ಎಲ್ಲರದ್ದೂ ಕೇಳ್ದೆ, ನಿನ್ನ ಹಾಡು ಯಾವುದು ಅಂತ ಹೇಳ್ಲೇ ಇಲ್ಲವಲ್ಲೋ?’

ನಾನು ಜಾಣ. ‘ನಂಗೆ ಹಾಗೇನಿಲ್ಲ ಅತ್ತೆ, ಎಲ್ಲಾ ಇಷ್ಟ. ಹಳೇದೂ ಕೇಳ್ತೀನಿ, ಹೊಸದೂ ಕೇಳ್ತೀನಿ’ ಅಂದೆ. ಅಷ್ಟರಲ್ಲಿ ಭಾವ ಅತ್ತ ಕಡೆಯಿಂದ ‘ಲೋ, ಪ್ರೇಮಲೋಕದಲ್ಲಿ ಇನ್ನೊಂದು ಇತ್ತಲ್ಲ, ಎಲ್ಲಿ ಬರುತ್ತೆ ಅದು?’ ಅಂತ ಕೂಗಿದರು. ಬಾಯಿಗೆ ಬಂದದ್ದನ್ನು ತಡೆಯುವ ಮೊದಲೇ ‘ಅದು ಬಿ ಸೈಡು ಭಾವ’ ಅಂದುಬಿಟ್ಟೆ.

ಚಿಕ್ಕತ್ತೆ ತಟ್ಟೆ ಕೆಳಗಿಟ್ಟರು. ‘ಬಿ ಸೈಡಾ? ಪೆನ್ಸಿಲ್ ತೂರಿಸಿ ಕ್ಯಾಸೆಟ್ಟು ಸುತ್ತಿದ ಕೈ ಏನೋ ಇದು! ಬಾ, ಕೂತ್ಕೋ ಪಕ್ಕದಲ್ಲಿ. ನಂದು ಯಾರಿಗೂ ಹೇಳ್ಬೇಡ, ನಿಂದು ನಾನೂ ಹೇಳಲ್ಲ.’