ಮಾನ ಕಾಯ್ದ ಮಹಾನುಭಾವರು

ಚಿತ್ರ ಬರೆದವರನ್ನು ಹೊಗಳಲು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಬರೆದ ಚಿತ್ರಕ್ಕೆ ಚಡ್ಡಿ ತೊಡಿಸಿದವರನ್ನು ಹೊಗಳಲು ಒಬ್ಬರೂ ಇಲ್ಲ. ಹದಿನಾರನೆಯ ಶತಮಾನದ ಯುರೋಪಿನ ಚರಿತ್ರೆ ಬರೆಯುವವರೆಲ್ಲ ಲೂಥರ್, ಪೋಪು, ಬಹಿಷ್ಕಾರ, ಸುಟ್ಟ ಪುಸ್ತಕ, ಸುಟ್ಟ ಮನುಷ್ಯರು ಎಂದು ಪುಟ ತುಂಬಿಸುತ್ತಾರೆ. ಅದೇ ಗಲಾಟೆಯ ನಡುವೆ ಒಂದು ಕೈಯಲ್ಲಿ ಕುಂಚ, ಇನ್ನೊಂದರಲ್ಲಿ ಸುಣ್ಣದ ಪಾತ್ರೆ ಹಿಡಿದು ಸದ್ದಿಲ್ಲದೆ ಲೋಕದ ಮಾನ ಮುಚ್ಚಿದ ಕೆಲಸಗಾರರು ಅಡಿಟಿಪ್ಪಣಿಯಲ್ಲಿ ಉಳಿದುಬಿಟ್ಟಿದ್ದಾರೆ. ಅವರ ಋಣ ಕೊಂಚವಾದರೂ ತೀರಲಿ ಎಂದು ಈ ನಾಲ್ಕು ಮಾತು.

ಮೊದಲು ಅಪರಾಧ ನಡೆದ ಸ್ಥಳ ನೋಡಿಬಿಡೋಣ. ರೋಮಿನ ಸಿಸ್ಟೈನ್ ಚಾಪೆಲ್, ಬಲಿಪೀಠದ ಹಿಂದಿನ ಗೋಡೆ. ಅರವತ್ತು ದಾಟಿದ ಮೈಕೆಲೆಂಜೆಲೊ 1536ರಿಂದ ಐದು ವರ್ಷ ಅಟ್ಟಣೆ ಹತ್ತಿ ಇಳಿದು ಅಲ್ಲಿ 'ಕಡೆಯ ತೀರ್ಪು' ಬರೆದ. 1541ರ ಅಕ್ಟೋಬರ್ 31ರಂದು ಪರದೆ ಸರಿಯಿತು. ಲೂಥರ್ ತನ್ನ 95 ತಕರಾರುಗಳನ್ನು ಹೊರಗೆ ಹಾಕಿದ ದಿನಕ್ಕೆ ಅಂದಿಗೆ ಸರಿಯಾಗಿ 24 ವರ್ಷ. ಗೋಡೆಯ ಮೇಲೆ ಮುನ್ನೂರಕ್ಕೂ ಹೆಚ್ಚು ಆಕೃತಿಗಳು. ಹೆಚ್ಚಿನವರ ಮೈಮೇಲೆ ನೂಲಿನೆಳೆಯೂ ಇಲ್ಲ. ಗೋರಿಯಿಂದ ಎದ್ದು ನೇರ ದೇವರ ಕಟಕಟೆಗೆ ಹೋಗುವವರು ನಡುವೆ ದರ್ಜಿಯ ಅಂಗಡಿಗೆ ಹೋಗಿಬರುತ್ತಾರೆಯೇ ಎಂದು ಮುದುಕ ಯೋಚಿಸಿರಬೇಕು. ಕಲಾವಿದರ ತರ್ಕ ಯಾವಾಗಲೂ ಹೀಗೆ ಅರ್ಧಕ್ಕೆ ನಿಲ್ಲುತ್ತದೆ.

ಅದನ್ನು ಮೊದಲು ಕಂಡುಹಿಡಿದ ಕೀರ್ತಿ ಪೋಪನ ವಿಧಿವಿಧಾನಗಳ ಮೇಲ್ವಿಚಾರಕ ಬಿಯಾಜಿಯೊ ದ ಚೆಸೇನನದು. ಕೆಲಸ ಇನ್ನೂ ನಡೆಯುತ್ತಿದ್ದಾಗಲೇ ಆತ ಪೋಪ್ ಮೂರನೆಯ ಪಾಲ್ ಜೊತೆ ಬಂದು ನೋಡಿ, ಇದು ಸ್ನಾನಗೃಹಕ್ಕೂ ಹೆಂಡದಂಗಡಿಗೂ ಸರಿ, ಚಾಪೆಲಿಗಲ್ಲ ಎಂದನಂತೆ. ಮೈಕೆಲೆಂಜೆಲೊ ಎದುರಾಡಲಿಲ್ಲ. ಅವರು ಹೋದಮೇಲೆ ನರಕದ ನ್ಯಾಯಾಧೀಶ ಮೀನೋಸನಿಗೆ ಬಿಯಾಜಿಯೊನ ಮುಖವನ್ನೇ ಇಟ್ಟು, ಕತ್ತೆಯ ಕಿವಿ ಹಚ್ಚಿ, ಮೈಗೆ ಹಾವು ಸುತ್ತಿಸಿ, ಹಾವಿನ ಬಾಯನ್ನು ಎಲ್ಲಿಡಬಾರದೋ ಅಲ್ಲಿಟ್ಟ. ಬಿಯಾಜಿಯೊ ಅಳುತ್ತ ಪೋಪನ ಬಳಿ ಹೋದ. ಶುದ್ಧೀಕರಣ ಸ್ಥಳದಲ್ಲಿಟ್ಟಿದ್ದರೆ ಏನಾದರೂ ಮಾಡಬಹುದಿತ್ತು, ನರಕ ನನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಪೋಪ್ ಕೈಚೆಲ್ಲಿದನೆಂದು ಕಥೆ. ಯಾವ ಕಚೇರಿಯಲ್ಲೂ ದೂರುದಾರನಿಗೆ ಇಷ್ಟು ಸ್ಪಷ್ಟವಾದ ಹಿಂಬರಹ ಸಿಕ್ಕಿದ್ದನ್ನು ನಾನು ಕೇಳಿಲ್ಲ.

ಎರಡನೆಯ ದೂರು 1545ರಲ್ಲಿ ವೆನಿಸ್‌ನಿಂದ ಬಂತು, ಲೇಖಕ ಪಿಯೆತ್ರೊ ಅರೆತೀನೊನಿಂದ. ಈ ಚಿತ್ರ ಸೂಳೆಗೇರಿಗೂ ಹೆಚ್ಚಾಯಿತು ಎಂಬ ಧಾಟಿಯ ಪತ್ರ. ಅರೆತೀನೊ ಹಿಂದೆ ಹದಿನಾರು ರತಿಭಂಗಿಗಳ ಚಿತ್ರಗಳಿಗೆ ಪದ್ಯ ಕಟ್ಟಿಕೊಟ್ಟು ಹೆಸರು ಮಾಡಿದವನು. ಅಂದರೆ ವಿಷಯ ಬಲ್ಲವನು, ಅವನ ಮಾತಿಗೆ ತೂಕವಿತ್ತು. ಅವನು ಮೈಕೆಲೆಂಜೆಲೊನನ್ನು ರೇಖಾಚಿತ್ರ ಕೇಳಿ ಕೇಳಿ ಸುಸ್ತಾಗಿದ್ದ, ಬಯಸಿದ್ದು ಕೈಸೇರಿರಲಿಲ್ಲ ಎಂಬುದನ್ನು ಕೆಲವರು ಎತ್ತಿ ಆಡುತ್ತಾರೆ. ಅದು ಸಣ್ಣತನ.

ಅದೇ ವರ್ಷದ ಡಿಸೆಂಬರಿನಲ್ಲಿ ಟ್ರೆಂಟ್ ಪಟ್ಟಣದಲ್ಲಿ ಕ್ಯಾಥೊಲಿಕ್ ಮಹಾಸಭೆ ಕೂಡಿತು. ಪ್ರೊಟೆಸ್ಟೆಂಟರಿಗೆ ಉತ್ತರ ಹುಡುಕಲು ಕೂತ ಸಭೆ ನಡುನಡುವೆ ಎದ್ದು, ಮತ್ತೆ ಕೂತು, 18 ವರ್ಷ ತೆಗೆದುಕೊಂಡಿತು. ಬಿಷಪ್ಪರು ತಮ್ಮ ತಮ್ಮ ಕ್ಷೇತ್ರದಲ್ಲೇ ವಾಸವಿರಬೇಕು, ಪಾದ್ರಿಗಳಾಗುವವರಿಗೆ ಗುರುಮಠ ಬೇಕು, ಪಾಪವಿಮೋಚನೆ ಪತ್ರದ ಹೆಸರಿನಲ್ಲಿ ಹಣ ಎತ್ತುವ ದಲ್ಲಾಳಿಗಳ ಹುದ್ದೆಯೇ ಬೇಡ ಎಂದೆಲ್ಲ ಗೊತ್ತುಮಾಡಿತು. ಅವು ಒಣ ಸುಧಾರಣೆಗಳು, ಬಿಡಿ. ಗಂಟುಮೂಟೆ ಕಟ್ಟುವ ಅವಸರದಲ್ಲಿ, 1563ರ ಡಿಸೆಂಬರಿನ ಕೊನೆಯ ಬೈಠಕ್ಕಿನಲ್ಲಿ, ಚಿತ್ರಗಳ ವಿಷಯ ಬಂತು. ಚಿತ್ರ ಇರಲಿ, ಗೌರವ ಚಿತ್ರಕ್ಕಲ್ಲ, ಚಿತ್ರದಲ್ಲಿರುವವರಿಗೆ; ಆದರೆ ಕಾಮ ಕೆರಳಿಸುವಂಥದ್ದು ಬೇಡ ಎಂದು ತೀರ್ಮಾನವಾಯಿತು. ಮರುತಿಂಗಳು, 1564ರ ಜನವರಿಯಲ್ಲಿ, ಸಿಸ್ಟೈನ್ ಗೋಡೆಯ ಮಾನ ಮುಚ್ಚಬೇಕೆಂದು ರೋಮಿನಲ್ಲಿ ಆಜ್ಞೆಯಾಯಿತು. ಫೆಬ್ರವರಿ 18ರಂದು ಮೈಕೆಲೆಂಜೆಲೊ ತೀರಿಕೊಂಡ. ಅವನ ಕಣ್ಣೆದುರಿಗೆ ಯಾರೂ ಗೋಡೆ ಮುಟ್ಟಲಿಲ್ಲ. ಹಿರಿಯರೆಂದರೆ ಅಷ್ಟು ಮರ್ಯಾದೆ.

ಕೆಲಸ ಬಿದ್ದದ್ದು ದಾನಿಯೇಲೆ ದ ವೊಲ್ತೆರ್ರನ ಪಾಲಿಗೆ. ಆತ ಮುದುಕನ ಶಿಷ್ಯ, ಗೆಳೆಯ, ಸಾಯುವಾಗ ಹಾಸಿಗೆಯ ಬಳಿ ಇದ್ದವನು, ಆ ಮುಖವನ್ನು ಕಂಚಿನಲ್ಲಿ ಎರಕ ಹೊಯ್ದವನು. ಯಾವ ಸ್ನಾಯು ಎಲ್ಲಿ ಮುಗಿಯುತ್ತದೆ, ಬಟ್ಟೆ ಎಲ್ಲಿಂದ ಶುರುವಾಗಬೇಕು ಎಂದು ಅವನಷ್ಟು ಬಲ್ಲವರು ಬೇರಾರಿದ್ದರು? 1565ರಲ್ಲಿ ಅಟ್ಟಣೆ ಹತ್ತಿ ಒಬ್ಬನ ಸೊಂಟಕ್ಕೆ ಹಸಿರು ತುಂಡು, ಇನ್ನೊಬ್ಬನ ತೊಡೆಗೆ ಹಾರುವ ಸೆರಗು ಎಂದು ಒಣ ಗೋಡೆಯ ಮೇಲೆ ಬಣ್ಣ ಹಚ್ಚುತ್ತ ಹೋದ. ಗಾಳಿಯೇ ಇಲ್ಲದ ಜಾಗದಲ್ಲಿ ಗಾಳಿ ಬೀಸಿ, ಬೇಕಾದಲ್ಲಿಗೇ ಬಟ್ಟೆ ಹಾರಿಬಂತು. ಪವಾಡ ಎನ್ನಲು ಇನ್ನೇನು ಬೇಕು?

ಒಂದೇ ಒಂದು ಕಡೆ ಬಣ್ಣ ಸಾಲದೆ ಉಳಿಯೇ ಬೇಕಾಯಿತು. ತನ್ನನ್ನು ಹಿಂಸಿಸಿದ ಮುಳ್ಳುಚಕ್ರದ ಮೇಲೆ ಸಂತ ಕ್ಯಾಥರೀನ್ ಬೆತ್ತಲೆಯಾಗಿ ಬಾಗಿದ್ದಾಳೆ. ಬೆನ್ನ ಹಿಂದೆಯೇ, ಕೈಯಲ್ಲಿ ಉಣ್ಣೆ ಬಾಚುವ ಕಬ್ಬಿಣದ ಬಾಚಣಿಗೆ ಹಿಡಿದು, ಸಂತ ಬ್ಲೇಸ್ ಅವಳತ್ತ ಬಗ್ಗಿದ್ದಾನೆ. ಸ್ವರ್ಗದ ವಿಚಾರವೇ ಇರಬಹುದು, ಆದರೆ ನೋಡಿದವರಿಗೆ ಬೇರೆಯೇ ಹೊಳೆಯುತ್ತಿತ್ತು. ದಾನಿಯೇಲೆ ಆ ಭಾಗದ ಗಾರೆಯನ್ನೇ ಕೆತ್ತಿ ತೆಗೆದು, ಹಸಿ ಗಾರೆ ಮೆತ್ತಿ ಹೊಸದಾಗಿ ಬರೆದ. ಕ್ಯಾಥರೀನಳಿಗೆ ಹಸಿರು ಉಡುಪು ಬಂತು. ಬ್ಲೇಸ್ ಕತ್ತು ತಿರುಗಿಸಿ ಯೇಸುವಿನ ಕಡೆ ನೋಡತೊಡಗಿದ. ಎಷ್ಟೋ ಮಂದಿ ಸಂತರು ಉಪದೇಶದಿಂದ ಸುಧಾರಿಸಿದ್ದಾರೆ. ಉಳಿಯಿಂದ ಸುಧಾರಿಸಿದವನು ಬ್ಲೇಸ್. ಮೊದಲು ಹೇಗಿದ್ದರೆಂದು ನಮಗೆ ಗೊತ್ತಾಗುವುದು 1549ರಲ್ಲಿ ಮಾರ್ಚೆಲ್ಲೊ ವೆನುಸ್ತಿ ಮಾಡಿಟ್ಟ ನಕಲಿನಿಂದ. ಆ ನಕಲು ಮಾಡಿಸಿದವರು ಒಬ್ಬ ಕಾರ್ಡಿನಲ್ಲರು. ದಾಖಲೆಗಾಗಿ ಇರಬೇಕು.

ಇಷ್ಟೆಲ್ಲ ಮಾಡಿದ ದಾನಿಯೇಲೆಗೆ ರೋಮಿನ ಜನ ಕೊಟ್ಟ ಬಿರುದು 'ಇಲ್ ಬ್ರಾಗೆತ್ತೋನೆ'. ಅಂದರೆ ಚಡ್ಡಿ ಹೊಲಿಯುವವ. ಮರುವರ್ಷವೇ ಅವನು ತೀರಿಕೊಂಡ, ಬಿರುದು ಉಳಿಯಿತು.

ಈಗ ಪ್ರೊಟೆಸ್ಟೆಂಟರ ಕಡೆ ಬನ್ನಿ, ಅವರಿಗೂ ಅನ್ಯಾಯವಾಗಬಾರದು. ಚಡ್ಡಿ ಹೊಲಿಯುವ ತಾಳ್ಮೆ ಅವರಿಗಿರಲಿಲ್ಲ, ಒಂದೇ ಸಲ ಸುಣ್ಣ ಬಳಿದರು. 1524ರ ಬೇಸಿಗೆಯಲ್ಲಿ ಜೂರಿಚ್‌ನ ಚರ್ಚುಗಳ ಬಾಗಿಲು ಹಾಕಿಕೊಂಡು ಬಡಗಿಗಳು, ಕಲ್ಲುಕುಟಿಗರು ಶಿಸ್ತಾಗಿ ಚಿತ್ರ, ಮೂರ್ತಿಗಳನ್ನೆಲ್ಲ ಇಳಿಸಿದರು. ಗೋಡೆಗಳು ಎಷ್ಟು ಚೆಂದ ಬೆಳ್ಳಗಿವೆ ಎಂದು ಅಲ್ಲಿಯ ಗುರು ಜ್ವಿಂಗ್ಲಿ ಸಂತೋಷಪಟ್ಟ. ಹತ್ತಾರು ವಾದ್ಯ ನುಡಿಸಬಲ್ಲ ಆ ಸಂಗೀತಗಾರನ ಸ್ವಂತ ಚರ್ಚಿನ ಆರ್ಗನ್ನನ್ನೂ 1527ರಲ್ಲಿ ಒಡೆದುಹಾಕಲಾಯಿತು. 1529ರಲ್ಲಿ ಬಾಸೆಲ್‌ನ ಸರದಿ ಬಂದಾಗ ಅಲ್ಲಿದ್ದ ವಿದ್ವಾಂಸ ಎರಾಸ್ಮಸ್ ಊರು ಬಿಟ್ಟ. ಸಣ್ಣಪುಟ್ಟ ಅಪಚಾರಕ್ಕೂ ಪವಾಡ ತೋರುತ್ತಿದ್ದ ಸಂತರು ಇಷ್ಟಾದರೂ ಸುಮ್ಮನಿದ್ದದ್ದೇ ಅವನಿಗೆ ಆಶ್ಚರ್ಯ.

ಆದರೆ ನನ್ನ ಅಚ್ಚುಮೆಚ್ಚಿನವನು ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ನ ಪುರಸಭೆಯ ಖಜಾಂಚಿ. 1564ರ ಜನವರಿ, ಹೌದು, ರೋಮಿನಲ್ಲಿ ಆಜ್ಞೆಯಾದ ಅದೇ ತಿಂಗಳು, ಒಪ್ಪಿಸಿದ ಲೆಕ್ಕದಲ್ಲಿ ಚಾಪೆಲಿನ ಚಿತ್ರಗಳನ್ನು ಕೆಡಿಸಿದ ಬಾಬತ್ತು ಎರಡು ಶಿಲ್ಲಿಂಗ್ ಖರ್ಚು ಬಿದ್ದಿದೆ. ಆ ಚಾಪೆಲಿನ ಕಮಾನಿನ ಮೇಲೆ ಇದ್ದದ್ದೂ ಕಡೆಯ ತೀರ್ಪೇ, ಗೋರಿಯಿಂದ ಬರಿಮೈಯಲ್ಲಿ ಏಳುವ ಅದೇ ಜನ. ಪ್ರಸಾದ, ಪೋಪು, ಪಾದ್ರಿಯ ಮದುವೆ, ಯಾವುದರಲ್ಲೂ ಒಮ್ಮತವಿಲ್ಲದೆ ಯುರೋಪು ಹೊಡೆದಾಡುತ್ತಿರುವಾಗ, ಸತ್ತವರ ಸೊಂಟದ ವಿಷಯದಲ್ಲಿ ಎರಡೂ ಬಣಗಳು ಒಂದೇ ತಿಂಗಳಲ್ಲಿ ಒಂದಾದವು. ಖಜಾಂಚಿಯ ಹೆಸರು ಜಾನ್ ಶೇಕ್ಸ್‌ಪಿಯರ್, ಕಸುಬು ಕೈಗವಸು ಹೊಲಿಯುವುದು. ಮುಚ್ಚುವ ವಿದ್ಯೆ ಕೈಗತವಾಗಿತ್ತು. ಏಪ್ರಿಲ್‌ನಲ್ಲಿ ಅವನಿಗೊಬ್ಬ ಮಗ ಹುಟ್ಟಿದ. ಅವನಿಗೆ ಈ ವಿದ್ಯೆ ಹತ್ತಲಿಲ್ಲ, ನಾಟಕಕ್ಕೆ ಹೋದ.

ಸುಣ್ಣದ ಒಂದು ದೋಷವನ್ನು ಮಾತ್ರ ಒಪ್ಪಿಕೊಳ್ಳಬೇಕು. ಬಳಿದ ಸುಣ್ಣ ಚಿತ್ರವನ್ನು ಬಿಸಿಲು ಮಸಿಯಿಂದ ಕಾಪಾಡಿಬಿಡುತ್ತದೆ. 1804ರಲ್ಲಿ ದುರಸ್ತಿಗೆಂದು ಕೆರೆದಾಗ ಸ್ಟ್ರಾಟ್‌ಫರ್ಡ್‌ನ ಸತ್ತವರು ಮತ್ತೆ ಎದ್ದುಬಂದರು, ಬರಿಮೈಯಲ್ಲೇ.

ವೆನಿಸ್‌ನ ಮಾತು ಹೇಳದಿದ್ದರೆ ಹೊಗಳಿಕೆ ಪೂರ್ತಿಯಾಗದು. 1573ರ ಜುಲೈ 18ರಂದು ಚಿತ್ರಕಾರ ವೆರೊನೇಸೆಯನ್ನು ಧರ್ಮವಿಚಾರಣೆಯ ನ್ಯಾಯಪೀಠ ಕರೆಸಿತು. ಅವನು ಮಠವೊಂದರ ಊಟದ ಮನೆಗೆ ಹದಿಮೂರು ಮೀಟರಿನಷ್ಟು ಉದ್ದದ 'ಕಡೆಯ ಭೋಜನ' ಬರೆದಿದ್ದ. ಅದರಲ್ಲಿ ಮೂಗಿನಿಂದ ರಕ್ತ ಸೋರುವ ಆಳು, ಕೈಮೇಲೆ ಗಿಳಿ ಕೂರಿಸಿಕೊಂಡ ವಿದೂಷಕ, ಆಯುಧ ಹಿಡಿದ ಜರ್ಮನ್ನರು. ಜರ್ಮನ್ನರೆಂದರೆ ಲೂಥರನ ಊರಿನವರು. ಇವರೆಲ್ಲ ಏಕೆ ಬಂದರು ಎಂದರೆ, ಜಾಗ ಉಳಿದಿತ್ತು, ತುಂಬಿಸಿದೆ ಎಂದ. ಮೈಕೆಲೆಂಜೆಲೊ ಯೇಸುವನ್ನೇ ಬೆತ್ತಲೆ ಬರೆದಿಲ್ಲವೇ ಎಂದೂ ಕೇಳಿದ. ಕಡೆಯ ತೀರ್ಪಿನ ದಿನ ಯಾರಿಗಾದರೂ ಬಟ್ಟೆ ಇರುತ್ತದೆಯೇ, ಅಲ್ಲಿರುವುದೆಲ್ಲ ಆತ್ಮದ ವಿಷಯ ಎಂದು ವಿಚಾರಕರು ಗದರಿದರು. ರೋಮಿನಲ್ಲಿ ಚಡ್ಡಿ ತೊಡಿಸಿ ಆಗಲೇ ಎಂಟು ವರ್ಷ! ಇದನ್ನು ಆಭಾಸ ಎನ್ನುವವರು ಆಡಳಿತ ಕಂಡಿಲ್ಲ. ಕಡತ ರೋಮಿನಿಂದ ವೆನಿಸ್‌ಗೆ ಬರಬೇಡವೇ?

ಮೂರು ತಿಂಗಳಲ್ಲಿ ಸ್ವಂತ ಖರ್ಚಿನಲ್ಲಿ ಚಿತ್ರ ತಿದ್ದಬೇಕೆಂದು ತೀರ್ಪಾಯಿತು. ವೆರೊನೇಸೆ ಹಾವೂ ಸಾಯದಂತೆ ಕೋಲೂ ಮುರಿಯದಂತೆ ಚಿತ್ರದ ಹೆಸರನ್ನು 'ಲೇವಿಯ ಮನೆಯ ಔತಣ' ಎಂದು ಬದಲಿಸಿದ. ವಿದೂಷಕ, ಗಿಳಿ, ಜರ್ಮನ್ನರು ಎಲ್ಲಿದ್ದರೋ ಅಲ್ಲೇ ಊಟ ಮುಂದುವರಿಸಿದರು.

ಸಿಸ್ಟೈನ್ ಗೋಡೆಯನ್ನು ತೊಳೆದು ಮುಗಿಸಿದ್ದು 1994ರಲ್ಲಿ. ಮುಂದಿನ ಶತಮಾನಗಳವರು ಹುಮ್ಮಸ್ಸಿನಲ್ಲಿ ಸೇರಿಸಿದ್ದ ಬಟ್ಟೆಗಳನ್ನು ಬಿಚ್ಚಿ, ದಾನಿಯೇಲೆಯ ಕಾಲದವನ್ನು ಚರಿತ್ರೆ ಎಂದು ಉಳಿಸಿಕೊಂಡರು. ಕ್ಯಾಥರೀನಳ ಹಸಿರು ಉಡುಪನ್ನು ತೆಗೆಯುವ ಮಾತೇ ಏಳಲಿಲ್ಲ, ಒಳಗೆ ಏನೂ ಉಳಿದಿಲ್ಲ. ಕೆಳಗೆ ಬಲಮೂಲೆಯಲ್ಲಿ, ಬಾಗಿಲ ಮೇಲ್ಗಡೆ, ಬಿಯಾಜಿಯೊ ಕತ್ತೆಯ ಕಿವಿ ನಿಮಿರಿಸಿಕೊಂಡು ನಿಂತಿದ್ದಾನೆ. ಚಡ್ಡಿ ಬೇಕೆಂದು ಮೊದಲು ದೂರು ಕೊಟ್ಟವನಿಗೆ ಇಂದಿಗೂ ಚಡ್ಡಿ ಮಂಜೂರಾಗಿಲ್ಲ. ಹಾವೇ ಸಾಕೆಂದು ಬಿಟ್ಟಿದ್ದಾರೆ.