ಕಮಿಷನ್ ರೇಟು, ಮೆಕ್ಕೆಜೋಳದ ರೇಟು

ದಾವಣಗೆರೆ ಅಂದರೆ ಬೆಣ್ಣೆದೋಸೆ ಎಂದು ನಂಬಿದವರು ಇಲ್ಲಿನ ಇನ್ನೊಂದು ಉತ್ಪನ್ನವನ್ನು ಗಮನಿಸಿಲ್ಲ. ರಾಜ್ಯದ ರಾಜಕೀಯಕ್ಕೆ ಬೇಕಾದ ಹಣೆಪಟ್ಟಿಗಳೂ ಇಲ್ಲೇ ಬಿಸಿಬಿಸಿಯಾಗಿ ಸಿಗುತ್ತವೆ. 2018ರ ಫೆಬ್ರುವರಿ 27ರಂದು, ಯಡಿಯೂರಪ್ಪನವರ 75ನೇ ಹುಟ್ಟುಹಬ್ಬದ ದಿನ, ಪ್ರಧಾನಿ ಮೋದಿಯವರು ಇಲ್ಲಿಗೆ ಬಂದು, ನಿಮ್ಮಲ್ಲಿರುವುದು ಸಿದ್ದರಾಮಯ್ಯ ಸರ್ಕಾರವಲ್ಲ, ‘ಸೀದಾ ರುಪಯ್ಯಾ’ ಸರ್ಕಾರ ಎಂದರು. ಪ್ರಾಸ ಚೆನ್ನಾಗಿತ್ತು. ಪ್ರಾಸ ಚೆನ್ನಾಗಿದ್ದರೆ ಪುರಾವೆ ಯಾರು ಕೇಳುತ್ತಾರೆ?

ಸರಿಯಾಗಿ ತಿಂಗಳಿಗೆ, ಮಾರ್ಚ್ 27ಕ್ಕೆ, ಅಮಿತ್ ಶಾ ಅದೇ ದಾವಣಗೆರೆಯಲ್ಲಿ ಪತ್ರಕರ್ತರ ಮುಂದೆ ಕೂತರು. ಭ್ರಷ್ಟಾಚಾರದಲ್ಲಿ ಸ್ಪರ್ಧೆ ಇಟ್ಟರೆ ಯಡಿಯೂರಪ್ಪ ಸರ್ಕಾರವೇ ನಂಬರ್ ಒನ್ ಎಂದುಬಿಟ್ಟರು. ಯಡಿಯೂರಪ್ಪ ಪಕ್ಕದಲ್ಲೇ ಇದ್ದರು, ಪಾಪ. ಶಾ ತಿದ್ದಿಕೊಂಡರು, ನಿಜ. ಆದರೆ ಕಾಂಗ್ರೆಸ್ಸಿನವರ ಟ್ವಿಟರ್‌ಗೆ ತಿದ್ದುಪಡಿ ಬೇಕಿರಲಿಲ್ಲ, ತುಣುಕು ಸಾಕಿತ್ತು. ಅದನ್ನು ಬಾಯಿತಪ್ಪು ಎನ್ನುವವರ ಜೊತೆ ನನ್ನ ಜಗಳವಿದೆ. ಪಟ್ಟಿ ಸಿದ್ಧವಾಗಿಯೇ ಇತ್ತು, ಹಣೆ ಮಾತ್ರ ಅದಲುಬದಲಾಯಿತು. ಯಾರ ಹಣೆಗಿಟ್ಟರೂ ಅಷ್ಟೇ ಚೆನ್ನಾಗಿ ಕೂತಿತಲ್ಲ, ಅದಲ್ಲವೇ ತಮಾಷೆ!

ಈ ಮಾಲಿಗೆ ರೇಟೂ ಇದೆ. 2018ರಲ್ಲಿ ಬಿಜೆಪಿಯವರ ಪ್ರಕಾರ ಕಾಂಗ್ರೆಸ್ಸಿನದು 10 ಪರ್ಸೆಂಟ್ ಕಮಿಷನ್ ಸರ್ಕಾರ. 2022ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ಸಿನವರು ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರ ಮುಖವನ್ನು ಕ್ಯೂಆರ್ ಕೋಡಿನೊಳಗೆ ಕೂರಿಸಿ, ‘ಪೇಸಿಎಂ’ ಎಂದು ಬೆಂಗಳೂರಿನ ಗೋಡೆಗಳಿಗೆ ಅಂಟಿಸುವಾಗ ಅದು 40 ಆಗಿತ್ತು. 2025ಕ್ಕೆ ಕುಮಾರಸ್ವಾಮಿಯವರ ಬಾಯಲ್ಲಿ 60. ಪೋಸ್ಟರ್ ಅಂಟಿಸಲು ಒಂದು ರಾತ್ರಿ ಸಾಕಾಯಿತು. ಆ 40 ನಿಜವೇ ಎಂದು ನೋಡಲು 2023ರಲ್ಲಿ ನೇಮಿಸಿದ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ವರದಿ ಕೊಟ್ಟಿದ್ದು 2025ರ ಮಾರ್ಚ್‌ನಲ್ಲಿ. ಅಷ್ಟು ಹೊತ್ತಿಗೆ ಚುನಾವಣೆ ಗೆದ್ದೂ ಆಗಿತ್ತು, ಸೋತೂ ಆಗಿತ್ತು.

ಮನುಷ್ಯರಿಗೆ ಅಂಟಿಸುವ ಪಟ್ಟಿಗಳ ಕಪಾಟು ಬೇರೆಯೇ ಇದೆ: ದೇಶದ್ರೋಹಿ, ಮನುವಾದಿ, ಗಂಜಿ ಗಿರಾಕಿ, ಭಕ್ತ, ಗುಲಾಮ, ಅರ್ಬನ್ ನಕ್ಸಲ್, ತುಕ್ಡೆ ತುಕ್ಡೆ ಗ್ಯಾಂಗ್. ಈ ಕೊನೆಯ ಗ್ಯಾಂಗಿನ ವಿವರ ಕೊಡಿ ಎಂದು ಮಾಹಿತಿ ಹಕ್ಕಿನಡಿ ಕೇಳಿದಾಗ, ನಮ್ಮ ಬಳಿ ಮಾಹಿತಿಯೇ ಇಲ್ಲ ಎಂದು 2020ರಲ್ಲಿ ಕೇಂದ್ರ ಗೃಹ ಸಚಿವಾಲಯವೇ ಬರೆದುಕೊಟ್ಟಿತು. ಗೃಹ ಸಚಿವರ ಭಾಷಣದಲ್ಲಿದ್ದ ಗ್ಯಾಂಗು ಅವರದೇ ಕಚೇರಿಯ ಕಡತದಲ್ಲಿ ಇರಲಿಲ್ಲ. ಇನ್ನು ಗಿರೀಶ ಕಾರ್ನಾಡರು 2018ರ ಸೆಪ್ಟೆಂಬರ್ 5ರಂದು, ಗೌರಿ ಲಂಕೇಶ್ ಹತ್ಯೆಗೆ ವರ್ಷ ತುಂಬಿದ ದಿನ, ಮೂಗಿಗೆ ಆಮ್ಲಜನಕದ ನಳಿಕೆ ಇಟ್ಟುಕೊಂಡೇ ಬಂದು, ‘ನಾನೂ ಅರ್ಬನ್ ನಕ್ಸಲ್’ ಎಂಬ ಫಲಕವನ್ನು ತಾವೇ ಕೊರಳಿಗೆ ನೇತುಹಾಕಿಕೊಂಡರು. ಅಂಟಿಸುವವರಿಗೆ ಇದು ಸಹಿಸಲಾರದ ಸಂಗತಿ. ಪೊಲೀಸರಿಗೆ ದೂರು ಹೋಯಿತು. ಬೇರೆಯವರು ಅಂಟಿಸಿದರೆ ಟೀಕೆ, ನಾವೇ ಹಾಕಿಕೊಂಡರೆ ಅಪರಾಧ!

ಈಗ ಇದೇ ದಾವಣಗೆರೆ ತಾಲ್ಲೂಕಿನ ಮಾಯಕೊಂಡಕ್ಕೆ ಬನ್ನಿ. 1748ರಲ್ಲಿ ಚಿತ್ರದುರ್ಗದ ಹಿರಿಯ ಮದಕರಿನಾಯಕ ಕಾದಿ ಬಿದ್ದ ನೆಲವಿದು. ಅವನು ಎದುರಾಳಿಯ ಮುಂದೆ ನಿಂತು ಹೋರಾಡಿದ. ಈಗಿನವರಿಗೆ ಒಂದು ಹೆಬ್ಬೆರಳಿದ್ದರೆ ಆಯಿತು. ಮಳೆ ನೋಡಿ ಮೆಕ್ಕೆಜೋಳ ಬಿತ್ತುವ ಇಲ್ಲಿಯ ರೈತನ ವಾಟ್ಸ್‌ಆ್ಯಪ್‌ಗೂ ಎರಡೂ ಕಡೆಯ ಪಟ್ಟಿಗಳು ಪುಕ್ಕಟೆ ಬರುತ್ತವೆ. ಅವನಿಗೆ ಬರದೇ ಇರುವುದು ಧಾರಣೆ. ಕಮಿಷನ್ನಿನ ಆರೋಪ 10ರಿಂದ 60ಕ್ಕೆ, ಅಂದರೆ ಆರು ಪಟ್ಟು ಏರಿದ ಕಾಲದಲ್ಲಿ, ಕ್ವಿಂಟಲ್ ಮೆಕ್ಕೆಜೋಳದ ಬೆಂಬಲ ಬೆಲೆ 2017–18ರ 1,425 ರೂಪಾಯಿಯಿಂದ 2025–26ಕ್ಕೆ 2,400 ಆಯಿತು. ಎರಡು ಪಟ್ಟೂ ಆಗಲಿಲ್ಲ. 2025ರ ನವೆಂಬರ್‌ನಲ್ಲಿ ಪೇಟೆಯ ಧಾರಣೆ ಅದಕ್ಕಿಂತಲೂ ಬಹಳ ಕೆಳಗಿಳಿದು ರೈತರು ರಸ್ತೆಗೆ ಬಂದಾಗ, ರಾಜ್ಯ ದಿಲ್ಲಿಯತ್ತ ಬೆರಳು ಮಾಡಿತು, ದಿಲ್ಲಿ ಬೆಂಗಳೂರಿನತ್ತ. ‘ರೈತವಿರೋಧಿ’ ಎಂಬ ಪಟ್ಟಿ ಎರಡೂ ಕಡೆ ಸಮನಾಗಿ ಹಂಚಿಕೆಯಾಯಿತು. ನಮ್ಮಲ್ಲಿ ನ್ಯಾಯವಾಗಿ ಹಂಚಿಕೆಯಾಗುವುದು ಅದೊಂದೇ ಇರಬೇಕು.

ವಿಧಾನಸಭಾ ಕ್ಷೇತ್ರಕ್ಕೆ ತನ್ನ ಹೆಸರು ಕೊಟ್ಟ ಮಾಯಕೊಂಡ ಇನ್ನೂ ಹೋಬಳಿಯಾಗಿಯೇ ಇದೆ. ತಾಲ್ಲೂಕು ಮಾಡಿ ಎಂದು ಊರವರು ಕೇಳುತ್ತಲೇ ಬಂದಿದ್ದಾರೆ. ಆದ್ದರಿಂದ ಮುಂದಿನ ಸಲ ಓಟಿಗೆ ಬರುವ ನಾಯಕರಲ್ಲಿ ಒಂದು ವಿನಂತಿ: ಎದುರಾಳಿಯ ಹಣೆಯನ್ನು ಸ್ವಲ್ಪ ದಿನ ಬಿಟ್ಟು, ಈ ಊರಿನ ಹಣೆಗೆ ‘ತಾಲ್ಲೂಕು’ ಎಂಬ ಒಂದು ಪಟ್ಟಿ ಅಂಟಿಸಿ. ಅದಕ್ಕೆ ಟ್ವೀಟ್ ಸಾಲದು, ಗೆಜೆಟ್ ಬೇಕು.