ಸೆಕ್ಷನ್ ಸಾಹೇಬರು

ಗೃಹಪ್ರವೇಶಕ್ಕೆ ಬಂದವರೆಲ್ಲ ನೆಲದ ಗ್ರಾನೈಟು, ಅಡುಗೆಮನೆಯ ಕಪಾಟು ನೋಡಿದರೆ ಸೆಕ್ಷನ್ ಸಾಹೇಬರು ಮಾತ್ರ ಸೂರು ನೋಡುತ್ತಾರೆ. ಯಜಮಾನರು ‘ಬನ್ನಿ ಬನ್ನಿ, ಮೊದಲು ತಿಂಡಿ ಆಗ್ಲಿ’ ಎನ್ನುತ್ತಿದ್ದರೆ ಇವರು ಹಾಲಿನ ನಡುವೆ ಕತ್ತೆತ್ತಿ ನಿಂತು, ‘ಸ್ಪಾನ್ ಎಷ್ಟು, ಹದಿನಾರಡಿನಾ?’ ಎಂದು ಕೇಳಿ ಆಗಿರುತ್ತದೆ. ಉತ್ತರಕ್ಕೂ ಕಾಯುವುದಿಲ್ಲ. ‘ಬೀಮು ಒಂಬತ್ತು-ಹದಿನೈದು ಕೊಟ್ಟಿದ್ದಾರೆ. ಪರ್ವಾಗಿಲ್ಲ. ನಾನಾಗಿದ್ರೆ ಒಂಬತ್ತು-ಹದಿನೆಂಟು ಕೊಡ್ತಿದ್ದೆ.’ ಆ ‘ಪರ್ವಾಗಿಲ್ಲ’ ಕೇಳಿದ ಮನೆಯಾಕೆಗೆ ಅಂದು ರಾತ್ರಿ ನಿದ್ದೆ ಹತ್ತುವುದಿಲ್ಲ.

ಶಿವಮೊಗ್ಗದಲ್ಲಿ ಇಂಥ ಎಂಜಿನಿಯರುಗಳಿಗೆ ಬರವಿಲ್ಲ. ವಿನೋಬನಗರದಲ್ಲೋ ಗೋಪಾಳದಲ್ಲೋ ಸವಳಂಗ ರಸ್ತೆಯಲ್ಲೋ ಒಂದು ಕಾಂಪ್ಲೆಕ್ಸಿನ ಮಹಡಿ ಹತ್ತಿ ನೋಡಿ. ಗಾಜಿನ ಬಾಗಿಲು, ಗೋಡೆಯ ಮೇಲೆ ಪೇಟ ತೊಟ್ಟ ಸರ್ ಎಂ.ವಿ., ಅವರ ದೃಷ್ಟಿ ಬೀಳುವ ಜಾಗದಲ್ಲೇ ಎರಡು ಸ್ಕ್ರೀನಿನ ಕಂಪ್ಯೂಟರು. ಸ್ಕ್ರೀನಿನಲ್ಲಿ ನಿಮ್ಮ ಮನೆ ಗೋಡೆ, ಕಿಟಕಿ, ಮಾನ ಎಲ್ಲ ಬಿಟ್ಟು ಬರೀ ಗೆರೆಗಳಾಗಿ ನಿಂತಿರುತ್ತದೆ. ಸಾಹೇಬರ ಕೆಲಸ ಆ ಗೆರೆಗಳಿಗೆ ಮೈ ತುಂಬಿಸುವುದು.

ಮೊದಲು ಬೀಮಿನ ಮೈಕಟ್ಟು, ಅಂದರೆ ಸೆಕ್ಷನ್. ಅಗಲದ ಕಾಲಂನಲ್ಲಿ 230, ಆಳದ ಕಾಲಂನಲ್ಲಿ 450. ನಮ್ಮ ಗೋಡೆ ಒಂಬತ್ತು ಇಂಚು, ಅಂದರೆ ಹೆಚ್ಚುಕಡಿಮೆ 230 ಮಿಲಿಮೀಟರ್. ಬೀಮಿನ ಅಗಲವೂ ಅಷ್ಟೇ ಇದ್ದರೆ ಗೋಡೆಯಿಂದ ಹೊರಗೆ ಮೂತಿ ಚಾಚುವುದಿಲ್ಲ. ಆಮೇಲೆ ಮೆಟೀರಿಯಲ್. ಮೌಸ್ ಒಮ್ಮೆ ಒತ್ತಿದರೆ ಪಟ್ಟಿ ಇಳಿಯುತ್ತದೆ: ಎಂ20, ಎಂ25, ಎಂ30. ಸಾಹೇಬರು ಎಂ25 ಮೇಲೆ ಒತ್ತುತ್ತಾರೆ. ಐಎಸ್ 456ರ ಸೂತ್ರದಂತೆ 25ರ ವರ್ಗಮೂಲಕ್ಕೆ 5000ದ ಗುಣಾಕಾರ ನಡೆದು, ಸ್ಥಿತಿಸ್ಥಾಪಕತೆ ಚದರ ಮಿಲಿಮೀಟರಿಗೆ 25,000 ನ್ಯೂಟನ್ ಎಂದು ತೀರ್ಮಾನವಾಗುತ್ತದೆ. ಕಂಬಿ ಎಫ್‌ಇ 500. ಮರಳು ಬಂದಿಲ್ಲ, ಜಲ್ಲಿ ಬಂದಿಲ್ಲ, ಸಿಮೆಂಟಿನವನಿಗೆ ಅಡ್ವಾನ್ಸೂ ಹೋಗಿಲ್ಲ. ಸಾಹೇಬರ ಕಾಂಕ್ರೀಟು ಆಗಲೇ ಗಟ್ಟಿಯಾಗಿದೆ.

ಗಿರಾಕಿ ‘ಹದಿನೆಂಟಿಂಚು ಯಾಕೆ ಸಾರ್, ತಲೆಗೆ ತಾಗುತ್ತೆ’ ಎಂದನೋ, ಡ್ರಾಯರಿನಿಂದ ಒಂದಡಿಯ ಪ್ಲಾಸ್ಟಿಕ್ ಸ್ಕೇಲು ಹೊರಬರುತ್ತದೆ. ಅಡ್ಡ ಮಲಗಿಸಿ ಒತ್ತಿದರೆ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಜಪ್ಪಯ್ಯ ಅನ್ನುವುದಿಲ್ಲ. ‘ಅಗಲ ಎರಡು ಪಟ್ಟು ಮಾಡಿದ್ರೆ ಬಿಗಿ ಎರಡು ಪಟ್ಟು. ಆಳ ಎರಡು ಪಟ್ಟು ಮಾಡಿದ್ರೆ ಎಂಟು ಪಟ್ಟು!’ ಗಿರಾಕಿ ಸ್ಕೇಲು ಈಸಿಕೊಂಡು ತಾನೂ ಒತ್ತಿ ನೋಡಿ, ಫೀಸು ಕೊಟ್ಟು ಹೋಗುತ್ತಾನೆ. ಹೊರಗೆ ಕೂತ ಮೇಸ್ತ್ರಿಗೆ ಇದೆಲ್ಲ ಬೇಕಿಲ್ಲ. ಅವನ ಲೆಕ್ಕ ‘ಅಡಿಗೊಂದು ಇಂಚು.’ ಹದಿನೆಂಟಡಿ ಸ್ಪಾನಿಗೆ ಹದಿನೆಂಟಿಂಚು. ಕಂಪ್ಯೂಟರು ಎರಡು ದಿನ ತಿಣುಕಿ ಅಲ್ಲಿಗೇ ಬಂದು ನಿಂತಾಗ ಮೇಸ್ತ್ರಿ ಏನೂ ಅನ್ನುವುದಿಲ್ಲ, ಬೀಡಿ ಹಚ್ಚುತ್ತಾನೆ.

ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಒಮ್ಮೆ ಯೂನಿಟ್ಟು ಮೀಟರಿನಲ್ಲಿರುವುದನ್ನು ನೋಡದೆ 230, 450 ಎಂದು ಒತ್ತಿಬಿಟ್ಟ. ನಾನೂರೈವತ್ತು ಮೀಟರ್ ಆಳದ ಬೀಮು! ನಮ್ಮ ಜೋಗವೇ 253 ಮೀಟರು. ಅದನ್ನು ಮುಳುಗಿಸಿ ಮೇಲೆ ಇನ್ನೂ ಸುಮಾರು ಇನ್ನೂರು ಮೀಟರ್ ಉಳಿಯುವಂಥದ್ದು, ಗೋಪಾಳದ ಮೂವತ್ತು-ನಲವತ್ತರ ಸೈಟಿನಲ್ಲಿ. ಒಂದೊಂದು ಮೀಟರ್ ಉದ್ದಕ್ಕೆ ಎರಡೂವರೆ ಲಕ್ಷ ಟನ್ನಿಗೂ ಮಿಕ್ಕಿದ ಭಾರ. ಸಾಫ್ಟ್‌ವೇರು ಕಣ್ಣು ಪಿಳುಕಿಸದೆ ಲೆಕ್ಕ ಮಾಡಿ ಕೊಟ್ಟಿತು. ಹುಡುಗ ಗಾಬರಿಯಿಂದ ತಿದ್ದುವಾಗ ಅಗಲದ ಜಾಗಕ್ಕೆ ಆಳ, ಆಳದ ಜಾಗಕ್ಕೆ ಅಗಲ ಹಾಕಿದ. ಬೀಮು ಮಗ್ಗುಲಾಗಿ ಮಲಗಿ, ಬಿಗಿ ಕಾಲು ಭಾಗಕ್ಕೆ ಇಳಿಯಿತು. ಸಾಹೇಬರು ಏನೂ ಬೈಯಲಿಲ್ಲ. ಡ್ರಾಯರು ಎಳೆದು ಸ್ಕೇಲು ತೆಗೆದರು.

ಇಂಥ ಸಾಹೇಬರನ್ನೂ ಮೆತ್ತಗೆ ಮಾಡುವವರೊಬ್ಬರಿದ್ದಾರೆ. ಭದ್ರಾವತಿಯ ಮಾವ. ಕಬ್ಬಿಣದ ಕಾರ್ಖಾನೆಯ ಫರ್ನೇಸಿನ ಮುಂದೆ ಆಯುಷ್ಯ ಬೇಯಿಸಿ ನಿವೃತ್ತರಾದವರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡ ಕಾಡಿನ ಇದ್ದಿಲು ಸೇರಿ 1923ರಲ್ಲಿ ಅಲ್ಲಿ ಕಬ್ಬಿಣ ಹರಿದ ಕಥೆಯನ್ನು ತಾವೇ ಎದುರಿಗಿದ್ದವರಂತೆ ಹೇಳುತ್ತಾರೆ. ಮಾವ ಸೈಟಿಗೆ ಬಂದರೆ ಡ್ರಾಯಿಂಗ್ ಬಿಚ್ಚುವುದಿಲ್ಲ, ಕಂಬಿಯ ಮೇಲಿನ ಅಚ್ಚನ್ನು ಬೆರಳಲ್ಲಿ ತಡವುತ್ತಾರೆ. ಹನ್ನೆರಡು ಎಂಎಂ ಕಂಬಿ ಒಂದು ಮೀಟರ್ ತುಂಡು ಮಾಡಿಸಿ ತೂಕಕ್ಕೆ ಹಾಕಿಸುತ್ತಾರೆ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ 888 ಗ್ರಾಂ ಬರಬೇಕು. ತೀರಾ ಕಡಿಮೆ ಬಂದರೆ ಲಾರಿ ವಾಪಸ್.

‘ಮೆಟೀರಿಯಲ್ ಎಫ್‌ಇ 500 ಅಂತ ಕೊಟ್ಟಿದೀನಿ ಮಾವ’ ಎಂದು ಸಾಹೇಬರು ಸಮಾಧಾನ ಹೇಳಿದರೆ ಮಾವನಿಗೆ ನಗು.

‘ಯಾರಿಗೆ ಕೊಟ್ರಿ ಅಳಿಯಂದ್ರೆ? ನಮ್ಮಲ್ಲಿ ಸ್ಯಾಂಪಲ್ ಲ್ಯಾಬಿಗೆ ಹೋಗಿ ರಿಪೋರ್ಟ್ ಬರೋವರೆಗೂ ಲೋಹ ಫರ್ನೇಸಿಂದ ಇಳೀತಿರ್ಲಿಲ್ಲ. ನೀವು ಒತ್ತಿದ ಕೂಡ್ಲೆ ಇಳಿಸ್ತೀರಿ.’

ಸಾಹೇಬರ ಸ್ವಂತ ಮನೆಯ ಮೋಲ್ಡ್ ದಿನ ಈ ಮಾತಿನ ಪರೀಕ್ಷೆಯೂ ನಡೆಯಿತು. ಆಗುಂಬೆ ಕಡೆಯ ಆಕಾಶ ಕಪ್ಪಾಗಿತ್ತು, ಮಿಕ್ಸರ್ ಗರಗರ ಅನ್ನುತ್ತಿತ್ತು. ಸಾಹೇಬರು ಕಾರಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿ, ಬೀಮು ಎಷ್ಟು ಮಿಲಿಮೀಟರ್ ಜಗ್ಗುತ್ತದೆಂದು ಕೊನೆಯ ಸಲ ನೋಡುತ್ತಿದ್ದರು. ಇತ್ತ ಮೇಲಿನಿಂದ ಕೂಗು ಬಂತು: ‘ಮಾಲು ಓಡ್ತಿಲ್ಲ, ಇನ್ನೊಂದು ಬಕೆಟ್ ನೀರು ಬಿಡೋ!’ ಬಿಡಲು ಹೊರಟವನ ಕೈಯಿಂದ ಬಕೆಟ್ ಕಿತ್ತುಕೊಂಡವರು ಮಾವ. ಎಂ25 ಎನ್ನುವುದು ಎಂ15 ಆಗಲು ಬೇಕಾದ್ದು ಅಂಥ ನಾಲ್ಕು ಬಕೆಟ್ ನೀರು ಎಂಬುದು ಸಾಫ್ಟ್‌ವೇರಿಗೆ ಗೊತ್ತಿಲ್ಲ, ಮಾವನಿಗೆ ಗೊತ್ತು. ಸಂಜೆಯವರೆಗೂ ಅವರು ಆ ಬಕೆಟನ್ನು ಬೋರಲು ಹಾಕಿ ಅದರ ಮೇಲೇ ಕೂತಿದ್ದರು.

ಆರಿಂಚಿನ ಅಚ್ಚಿನಲ್ಲಿ ಮೂರು ಕ್ಯೂಬನ್ನೂ ಅವರೇ ಹಾಕಿಸಿದರು. ಊರಿನ ಸೈಟುಗಳಲ್ಲಿ ಕ್ಯೂಬಿನ ಗತಿ ಎಲ್ಲರಿಗೂ ಗೊತ್ತಿದ್ದದ್ದೇ: ಒಂದು ಡ್ರಮ್ಮಿಗೆ ಒತ್ತು, ಇನ್ನೊಂದು ಕಾವಲುಗಾರನ ಪೀಠ, ಮತ್ತೊಂದು ಬಟ್ಟೆ ಒಗೆಯಲು. ಇವು ಮಾತ್ರ ನೀರಿನಲ್ಲಿ ನೆನೆದು, ಇಪ್ಪತ್ತೆಂಟನೇ ದಿನ ಒಂದೊಂದೂ ಎಂಟು ಕಿಲೋ ತೂಗುತ್ತ ಮಾವನ ಸ್ಕೂಟರಿನಲ್ಲಿ ಲ್ಯಾಬಿಗೆ ಹೋದವು. ಮೂರೂ ಚದರ ಮಿಲಿಮೀಟರಿಗೆ 30 ನ್ಯೂಟನ್ ದಾಟಿದವು.

ಸಾಹೇಬರು ರಿಪೋರ್ಟ್ ಎತ್ತಿ ಹಿಡಿದು ಹಿಗ್ಗಿದರು. ‘ನೋಡಿ ಮಾವ, ನಾನು ಹೇಳಿದ ಮಾತು ಕಾಂಕ್ರೀಟು ಹ್ಯಾಗೆ ಕೇಳಿದೆ!’

‘ಕೇಳಿದ್ದು ನಿಮ್ಮ ಮಾತಲ್ಲ ಅಳಿಯಂದ್ರೆ’ ಎಂದರು ಮಾವ, ‘ಬಕೆಟ್ಟಿನ ಮೇಲೆ ಕೂತವನ ಮಾತು. ನಿಮ್ಮ ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇದ್ರೆ ನನ್ನನ್ನೂ ತುಂಬಿಸಿ.’